ಹಮಾಲನನ್ನು ಸುಟ್ಟ ಕೈ

ಒಂದಾನೊಂದು ಕಾಲದಲ್ಲಿ, ಎರಡು ಹೊಳೆಗಳ ನಡುವಿನ ಸೀಮೆಯಲ್ಲಿ, ಎರಡು ಬಾಗಿಲಿನ ಒಂದು ಅರಮನೆಯಿತ್ತು. ಮೂಡಲ ಬಾಗಿಲಿನಿಂದ ಒಳಗೆ ಹೋದರೆ ಬೀಸುವ ಕಲ್ಲು ತಾನಾಗಿ ತಿರುಗುತ್ತಿತ್ತು, ಬಾವಿಯ ನೀರು ತಾನಾಗಿ ಮೇಲೆ ಬರುತ್ತಿತ್ತು, ಗೋಡೆಗಳೇ ಹಾಡು ಹೇಳುತ್ತಿದ್ದವು. ಪಡುವಲ ಬಾಗಿಲಿನಿಂದ ಹೋದರೆ, ಹೋದವನಿಗೆ ಏನೂ ಆಗುತ್ತಿರಲಿಲ್ಲ. ಅರಮನೆಯೇ ಒಳಗಿನಿಂದ ಹೊತ್ತಿ ಬೂದಿಯಾಗುತ್ತಿತ್ತು. ಎರಡು ಬಾಗಿಲೂ ಒಂದೇ ಮರದವು, ಒಂದೇ ಬಡಗಿಯ ಕೈಯವು. ರಾಜ ಎರಡು ಸಲ ಅರಮನೆ ಕಟ್ಟಿಸಿದ, ಎರಡು ಸಲವೂ ಉರಿಯಿತು. ಮೂರನೆಯದನ್ನು ಕಟ್ಟಿಸಿ, ಕಾವಲಿಗೆ ಒಬ್ಬ ಹುಡುಗಿಯನ್ನು ಕರೆದು ಹೇಳಿದ...

“ಏನಂತ ಹೇಳಿದ್ನರಿ ಮೇಡಂ?” ಅಯ್ಯಣ್ಣ ಕೇಳಿದ.

“ಗೊತ್ತಿಲ್ಲೋ. ನಮ್ಮಜ್ಜಿ ಯಾವಾಗ್ಲೂ ಇಲ್ಲಿಗೇ ನಿದ್ದಿ ಹೋಗ್ತಿದ್ಲು,” ಎಂದಳು ಗೋಪಮ್ಮ. “ಆದ್ರ ಆ ಅರಮನಿ ಯಾವುದಂತ ಈಗ ಗೊತ್ತಾತು.”

ಅರಮನೆ ಅವಳ ಅಂಗೈಯಲ್ಲಿತ್ತು. ಪೋಸ್ಟ್ ಕಾರ್ಡಿನಷ್ಟು ಅಗಲದ ಬೋರ್ಡು. ಮೇಲೆ ಅಗಲ ಟೋಪಿಯ ಟ್ರಾನ್ಸಿಸ್ಟರುಗಳು, ಕೆಳಗೆ ತಾಮ್ರದ ಗೆರೆಗಳು. ಗೆರೆಗಳು ಸುಟ್ಟು ಸಿಪ್ಪೆ ಎದ್ದಿದ್ದವು. ಮೂಗಿನ ಹತ್ತಿರ ತಂದರೆ ಇನ್ನೂ ಸುಟ್ಟ ಕೊಂಬಿನ ವಾಸನೆ. ಅಂಥದೇ ಇನ್ನೊಂದು ಸುಟ್ಟ ಬೋರ್ಡು ಮೇಜಿನ ಮೇಲಿತ್ತು. ಅದರ ಪಕ್ಕದಲ್ಲಿ, ಹತ್ತಿಯ ಮೇಲೆ ಮಲಗಿಸಿದ ಮೂರನೆಯದು. ಅದೊಂದೇ ಉಳಿದದ್ದು. ಇನ್ನೊಂದು ಮಾಡಲು ಬೇಕಾದ ಟ್ರಾನ್ಸಿಸ್ಟರು ಹೈದರಾಬಾದಿನಿಂದ ಬರಬೇಕು, ಪ್ರದರ್ಶನ ನಾಳೆ ಬೆಳಿಗ್ಗೆ.

ರಾಯಚೂರಿನ ಆ ಖಾಸಗಿ ಪಾಲಿಟೆಕ್ನಿಕ್ಕಿನ ಹುಡುಗರು ಕಟ್ಟಿದ ಯಂತ್ರದ ಹೆಸರು ‘ಹಮಾಲ’. ಸೊಂಟದೆತ್ತರ, ನಾಲ್ಕು ಗಾಲಿ, ಒಂದು ತೋಳು, ತೋಳಿನ ತುದಿಗೆ ಕೊಕ್ಕೆ. ಹಳೆಯ ಲಾರಿಗಳ ವೈಪರ್ ಮೋಟರುಗಳು ಅದರ ಸ್ನಾಯು. ಮೋಟರುಗಳನ್ನು ಆಳುವ ಈ ಬೋರ್ಡು ಅದರ ಬುದ್ಧಿ. ಗುಂಡಿ ಒತ್ತಿದರೆ ಹೋಗಿ, ಅಕ್ಕಿಯ ಮೂಟೆ ಎತ್ತಿ, ಹಲಗೆಯ ಮೇಲಿಡಬೇಕು.

ಮಾನ್ವಿಯ ಪ್ರದರ್ಶನದಲ್ಲಿ ಮೊದಲ ಬೋರ್ಡು ಸುಟ್ಟಿತ್ತು, ದೇವದುರ್ಗದ್ದರಲ್ಲಿ ಎರಡನೆಯದು; ಎರಡು ಕಡೆಯೂ ಬ್ಯಾಟರಿಯ ತಂತಿ ತಿರುವುಮುರುವಾಗಿತ್ತು, ಎರಡು ಕಡೆಯೂ ತಂತಿಯ ಜವಾಬ್ದಾರಿ ಹಿರೇಕೊಟ್ನೆಕಲ್ಲಿನ ಅಯ್ಯಣ್ಣನದಾಗಿತ್ತು.

ಮೋಟರಿಗೆ ತಂತಿ ಉಲ್ಟಾ ಕೊಟ್ಟರೆ ಅದು ಹಿಂದೆ ತಿರುಗುತ್ತದೆ, ಅಷ್ಟೇ. ಬೋರ್ಡು ಹಾಗಲ್ಲ. ಪ್ಲಸ್ ಹೋಗಬೇಕಾದಲ್ಲಿ ಮೈನಸ್ ಹೋದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಹೊಗೆ.

ಇದನ್ನೆಲ್ಲ ಪ್ರಿನ್ಸಿಪಾಲರಿಗೆ ವಿವರಿಸಿ ಹೇಳಿದವರು ಕಾಲೇಜಿನ ಕಮಿಟಿಯ ಹಂಪಣ್ಣ. ಮಾನ್ವಿಯಲ್ಲಿ ಅವರದು ಅಕ್ಕಿ ಗಿರಣಿ. ಯಂತ್ರಕ್ಕೆ ಕಬ್ಬಿಣ ಕೊಟ್ಟವರೂ ಅವರೇ, ಊರಿಂದೂರಿಗೆ ಸಾಗಿಸಲು ಟ್ರ್ಯಾಕ್ಟರ್ ಕೊಟ್ಟವರೂ ಅವರೇ. ತಮ್ಮನ ಮಗ, ದೊಡ್ಡಪ್ಪನೆಂಬ ಹೆಸರಿನ ವಿದ್ಯಾರ್ಥಿಯನ್ನು ತಂಡದ ನಾಯಕ ಮಾಡಿದ್ದಕ್ಕೆ ಅಯ್ಯಣ್ಣನಿಗೆ ಹೊಟ್ಟೆಕಿಚ್ಚು, ಬೇಕಂತಲೇ ಸುಟ್ಟಿದ್ದಾನೆ ಎಂಬುದು ಅವರ ವಾದ. ಪ್ರಿನ್ಸಿಪಾಲರು ಗಡುವು ಕೊಟ್ಟರು. ನಾಳೆ ಹಮಾಲ ಸುಟ್ಟರೆ, ಅಥವಾ ಸುಟ್ಟದ್ದು ಅಯ್ಯಣ್ಣನಲ್ಲ ಎಂದು ತೋರಿಸಲಾಗದಿದ್ದರೆ, ಅವನ ಹೆಸರು ಕಾಲೇಜಿನಿಂದ ಹೋಗುತ್ತದೆ.

ಅಯ್ಯಣ್ಣ ಆ ದಿನ ಊಟ ಮಾಡಿರಲಿಲ್ಲ. ಅವನವ್ವ ಕೂಲಿ ಬಿಟ್ಟು ಬಂದು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಗೋಪಮ್ಮನಿಗೆ ಆ ಮೆಟ್ಟಿಲು ಗೊತ್ತಿತ್ತು. ಅವಳು ಈಗ ಈ ಲ್ಯಾಬಿನ ಡೆಮಾನ್‌ಸ್ಟ್ರೇಟರ್ ನಿಜ. ಆದರೆ ಮಾನ್ವಿಯ ಹಮಾಲ ಗದ್ದೆಪ್ಪನ ಮಗಳು, ಇಡೀ ಓಣಿಯಲ್ಲಿ ಮೊದಲು ಡಿಪ್ಲೊಮಾ ಓದಿದವಳು. ಅವಳ ಅಪ್ಪನೂ ಒಂದು ಕಾಲಕ್ಕೆ ಅಂಥದೇ ಮೆಟ್ಟಿಲ ಮೇಲೆ ಟವಲ್ ಹಾಸಿ ಕೂತು ಕಾದಿದ್ದ.

“ಮೂರನೇದು ಸುಡೂದಿಲ್ಲ,” ಎಂದಳು ಅಯ್ಯಣ್ಣನಿಗೆ. “ಮೂಟಿ ಏಳ್ತದ, ಹಲಗಿ ಮ್ಯಾಲ ಕೂಡ್ತದ. ನಿನ್ನ ಹೆಸರೂ ಉಳೀತದ. ಇದು ನನ್ನ ಮಾತು. ಈಗ ಹೋಗಿ ನಿಮ್ಮವ್ವನ ಜೋಡಿ ಉಂಡು ಬಾ.”

ಅವನು ಹೋದ ಮೇಲೆ ಅವಳು ಕಿಟಕಿಯ ಬೆಳಕಿಗೆ ಮಾನ್ವಿ ಮತ್ತು ದೇವದುರ್ಗದ ತಂತಿಗಳ ಎರಡು ಜೊತೆ ಕ್ಲ್ಯಾಂಪುಗಳನ್ನು ಹಿಡಿದು ನೋಡಿದಳು.

ಬ್ಯಾಟರಿಯ ಮೇಲೆ ಎರಡು ಸೀಸದ ಗೂಟಗಳಿರುತ್ತವೆ. ನೋಡಲು ಅವಳಿಜವಳಿ. ಆದರೆ ಕೈಯಿಟ್ಟು ನೋಡಿದವರಿಗೆ ಗೊತ್ತು, ಪ್ಲಸ್ಸಿನ ಗೂಟ ತುಸು ದಪ್ಪ, ಮೈನಸ್ಸಿನದು ತುಸು ಸಣ್ಣ. ತಂತಿಯ ತುದಿಯಲ್ಲಿ ಬಳೆಯಂತಿರುವ ಕ್ಲ್ಯಾಂಪುಗಳೂ ಆಯಾ ಅಳತೆಯವೇ. ಸಣ್ಣ ಬಳೆ ದಪ್ಪ ಕೈಗೆ ಏರುವುದಿಲ್ಲ. ದಪ್ಪ ಬಳೆ ಸಣ್ಣ ಕೈಯಲ್ಲಿ ನಿಲ್ಲುವುದಿಲ್ಲ. ಹಾಗಾದರೆ ಉಲ್ಟಾ ಹಾಕಿದವರು ಹೇಗೆ ಹಾಕಿದರು?

ಮಾನ್ವಿಯ ಜೋಡಿಯಲ್ಲಿ ಸಣ್ಣ ಕ್ಲ್ಯಾಂಪಿನ ಬಾಯನ್ನು ಯಾರೋ ಸ್ಕ್ರೂಡ್ರೈವರ್ ತೂರಿಸಿ ಹದವಾಗಿ ಅಗಲಿಸಿದ್ದರು. ದಪ್ಪದ್ದರ ಒಳಗೆ ಹಸಿರು ಬಣ್ಣದ ತಗಡಿನ ಚೂರೊಂದನ್ನು ನೀಟಾಗಿ ಸುತ್ತಿ ಬಿಗಿ ಮಾಡಿದ್ದರು. ಸುಡುವ ಅವಸರದ ಕೆಲಸವಲ್ಲ ಅದು. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡವನ ಕೆಲಸ.

ಮಾನ್ವಿಯ ತಂತಿಗಳು ಕರಗಿದ ಮೇಲೆ ದೇವದುರ್ಗಕ್ಕೆ ಹೊಸ ಜೊತೆ ಮಾಡಿದ್ದರು. ಅದರಲ್ಲಿ ತಗಡಿಲ್ಲ. ಸಣ್ಣ ಕ್ಲ್ಯಾಂಪಿನ ತಲೆ ಚಪ್ಪಟೆಯಾಗಿತ್ತು, ಅಂಚಿನಲ್ಲಿ ಕರಿಕಲ್ಲಿನ ಪುಡಿ. ಯಾರೋ ಕೈಗೆ ಸಿಕ್ಕ ಕಲ್ಲಿನಿಂದ ಬಡಿದು ಇಳಿಸಿದ್ದರು. ದಪ್ಪದ್ದನ್ನು ಸುಮ್ಮನೆ ಮೇಲಿಟ್ಟು ಹೋಗಿದ್ದರು.

ಇಷ್ಟು ದಿನ ಎಲ್ಲರೂ ಒಂದು ಕೈಯನ್ನು ಹುಡುಕುತ್ತಿದ್ದರು.

ಸುಟ್ಟದ್ದು ಎರಡು ಬೇರೆ ಬೇರೆ ಕೈ.

ಹಸಿರು ತಗಡನ್ನು ಬೆರಳಿನಲ್ಲಿ ತಿರುಗಿಸಿದಳು. ತಂಬಾಕಿನ ಡಬ್ಬಿಯದು. ದೊಡ್ಡಪ್ಪ ತಂಬಾಕು ಮುಟ್ಟುವವನಲ್ಲ. ಆದರೆ ಇಂಥ ಡಬ್ಬಿಯನ್ನು ಕತ್ತರಿಸಿ, ಅದರಲ್ಲಿ ನಟ್ಟು ಬೋಲ್ಟು ಹಾಕಿ, ಸೀಟಿನ ಕೆಳಗೆ ಇಟ್ಟುಕೊಂಡಿರುವ ಒಬ್ಬರು ಅವಳಿಗೆ ಗೊತ್ತಿದ್ದರು.

ಅವಳು ಸೈಕಲ್ ಹತ್ತಿದಳು.

ಊರಿನ ಗಂಜ್ ಮಾರುಕಟ್ಟೆಯಲ್ಲಿ ಸೇಂಗಾ ಮತ್ತು ಹತ್ತಿಯ ಗಾಡಿಗಳ ನಡುವೆ ಹಂಪಣ್ಣನವರ ಟ್ರ್ಯಾಕ್ಟರ್ ನಿಂತಿತ್ತು. ಅದರ ನೆರಳಿನಲ್ಲಿ ಡ್ರೈವರ್ ಹನುಮಂತ್ರಾಯ ಮಂಡಕ್ಕಿ ಒಗ್ಗರಣೆಯ ಕಾಗದ ಬಿಚ್ಚಿಕೊಂಡು, ಮಿರ್ಚಿ ಕೈಯಲ್ಲಿ ಹಿಡಿದು ಕೂತಿದ್ದ. ಮಾನ್ವಿಯಲ್ಲಿ ಅವನ ಮನೆ ಅವಳ ಮನೆಯ ಓಣಿಯಲ್ಲೇ. ಅವಳನ್ನು ಕಂಡು ಒಂದು ಮಿರ್ಚಿ ಮುಂದೆ ಚಾಚಿದ, ಮೇಡಂ ಆದ ಮೇಲೆ ಬೀದಿಯಲ್ಲಿ ತಿನ್ನೂದು ಬಿಟ್ಟೆಯೇನು ಎಂದು ಕೆಣಕಿದ.

ಅವಳು ಮಿರ್ಚಿ ತೆಗೆದುಕೊಂಡಳು. ತಿನ್ನುತ್ತ ಟ್ರ್ಯಾಕ್ಟರಿನ ಸೀಟಿನ ಕೆಳಗೆ ಬಗ್ಗಿ ನೋಡಿದಳು. ಕತ್ತರಿಸಿದ ಹಸಿರು ಡಬ್ಬಿ ಅಲ್ಲೇ ಇತ್ತು. ಪಕ್ಕದಲ್ಲಿ ಬ್ಯಾಟರಿ. ಬ್ಯಾಟರಿಯ ಒಂದು ಗೂಟದಿಂದ ಹೆಣೆದ ತಂತಿಯ ಅಗಲ ಪಟ್ಟಿಯೊಂದು ಟ್ರ್ಯಾಕ್ಟರಿನ ಮೈಗೆ ಹೋಗಿ ಬೋಲ್ಟಾಗಿತ್ತು. ಗೂಟದ ಮೇಲಿನ ಗುರುತನ್ನು ಓದಿ ಅವಳು ಅಗಿಯುವುದನ್ನು ನಿಲ್ಲಿಸಿದಳು.

“ಕಾಕಾ, ಈ ಪಟ್ಟಿ ಏನಿದು?”

“ಅರ್ತಿಂಗು. ಗಾಡಿ ಮೈಗಿ, ಬಾಡಿಗಿ, ಹೋಗೇದ.”

“ಪ್ಲಸ್ಸಿಂದ?”

“ಹ್ಞೂಂ. ಹಳೀ ವಿಲಾಯತಿ ಗಾಡಿ ಎಲ್ಲಾ ಹಂಗೇ. ಪ್ಲಸ್ಸೇ ಬಾಡಿ. ಯಾಕವ್ವಾ?”

ಅವಳು ಹಸಿರು ತಗಡಿನ ಚೂರನ್ನು ಮಡ್‌ಗಾರ್ಡಿನ ಮೇಲಿಟ್ಟಳು. ಹನುಮಂತ್ರಾಯನ ಕೈ ಬಾಯಿಯ ಹತ್ತಿರ ನಿಂತಿತು. ಸುತ್ತ ತೂಕದ ಕೂಗು, ಎತ್ತಿನ ಗಂಟೆ, ಹಮಾಲರ ಹೂಂಕಾರ.

ಅವನು ಕಾಗದ ಮಡಚಿ ಪಕ್ಕಕ್ಕಿಟ್ಟ.

“ಮಾನ್ವ್ಯಾಗ ಜೋಡ್ಸಿದ್ದು ನಾನೇ ಯವ್ವಾ. ಹುಡುಗ್ರು ಉಣ್ಣಾಕ ಹೋಗಿದ್ರು. ಹೊತ್ತಾತಂದ್ರ ಸಾವ್ಕಾರ ಒದರ್ತಾನ ಅಂತ ನಾ ಕೈ ಹಾಕಿದೆ. ನಿಮ್ಮ ಮಷೀನಿನ ಬಾಡಿಗಿ ಯಾವ ತಂತಿ ಹೋಗೇದ ನೋಡಿದೆ, ಅದನ್ನ ಪ್ಲಸ್ಸಿಗಿ ಹಾಕಿದೆ. ಸ್ಟೇರಿಂಗ್ ಹಿಡಿದಾಗಿಂದ ನಾ ಹಂಗೇ ಹಾಕೀನಿ.”

“ಬಾಡಿ ನಮ್ಮದು ಮೈನಸ್ಸು, ಕಾಕಾ. ಪ್ಲಸ್ಸಿನ ತಂತಿಗಿ ಕೆಂಪು ದಾರ ಸುತ್ತಿದ್ವಿ. ನೋಡ್ಲಿಲ್ಲೇನು?”

“ನೋಡೀನಿ. ಪೂಜಿ ದಾರ ಅಂದ್ಕೊಂಡೆ. ಹೊಸಾ ಗಾಡಿಗಿ ನಾವು ಕಟ್ಟಂಗಿಲ್ಲೇನು?”

ಗೋಪಮ್ಮನಿಗೆ ನಗು ಬಂತು, ತಡೆದುಕೊಂಡಳು. ಅರಮನೆಯ ಪಡುವಲ ಬಾಗಿಲಿಗೆ ಈ ಮನುಷ್ಯ ಕೈಮುಗಿದು ಒಳಗೆ ಹೋಗಿದ್ದ.

ಯಾಕೆ ಹೇಳಲಿಲ್ಲ ಎಂದು ಕೇಳಬೇಕಾಗಲಿಲ್ಲ, ಅವನೇ ಹೇಳಿದ. ಹೊಗೆ ಆರುವ ಮೊದಲೇ ಹಂಪಣ್ಣ ಯಾರ ಕೈ, ಯಾರ ಕೈ ಎಂದು ಕೂಗಾಡಿದ್ದರು. ಆಮೇಲೆ ಹೇಳಿದರಾಯಿತು ಎಂದು ಸುಮ್ಮನಾದ. ಅಷ್ಟರಲ್ಲಿ ದೇವದುರ್ಗದ್ದೂ ಸುಟ್ಟಿತು. ಈಗ ಒಂದನ್ನು ಒಪ್ಪಿಕೊಂಡರೆ ಎರಡೂ ತನ್ನ ತಲೆಗೇ ಬರುತ್ತವೆ, ನೌಕರಿ ಹೋಗುತ್ತದೆ.

“ಹುಡುಗನ ಓದು ಹೋಗಾಕತ್ತೇದ, ಕಾಕಾ.”

ಅವನು ನೆಲ ನೋಡಿದ. “ಗೊತ್ತು. ಎರಡು ದಿನದಿಂದ ನಿದ್ದಿ ಹತ್ತವಲ್ದು. ಆದ್ರ ದೇವದುರ್ಗದ್ದು ನಂದಲ್ಲ. ನನ್ನ ಮಕ್ಕಳಾಣಿ.”

ಅದು ನಿಜವೆಂದು ಅವಳಿಗೂ ತಿಳಿಯಿತು. ಆ ದಿನ ಟ್ರ್ಯಾಕ್ಟರಿನ ಆ್ಯಕ್ಸಲ್ ಮುರಿದು ಅವನು ಮಾನ್ವಿ ಬಸ್ ಸ್ಟ್ಯಾಂಡಿನೆದುರು ಗಾಡಿಯ ಅಡಿಯಲ್ಲಿ ಮಲಗಿದ್ದ. ಅರ್ಧ ಊರು ನಿಂತು ನೋಡಿ ಸಲಹೆ ಕೊಟ್ಟಿತ್ತು. ಯಂತ್ರ ದೇವದುರ್ಗಕ್ಕೆ ಹೋದದ್ದು ಗಿರಣಿಯ ಅಕ್ಕಿ ಲಾರಿಯಲ್ಲಿ, ಮೂಟೆಗಳ ಮೇಲೆ. ಡ್ರೈವರ್ ಬೇರೆ. ಹುಡುಗರು ಬಸ್ಸಿನಲ್ಲಿ. ಯಂತ್ರದ ಜೊತೆ ಇದ್ದವರು ಮೂಟೆ ಇಳಿಸುವ ಹಮಾಲರು.

ಅವಳು ನಿಧಾನವಾಗಿ ಕೇಳಿದಳು. “ನೀ ತಂತಿ ಹಾಕಿದ್ದು, ಅದು ಸುಟ್ಟಿದ್ದು, ಯಾರ ಮುಂದರ ಹೇಳೀಯೇನು?”

ಹನುಮಂತ್ರಾಯ ಟವಲಿನಿಂದ ಮುಖ ಒರೆಸಿಕೊಂಡ.

“ಗಿರಣಿ ಮುಂದ ಹಮಾಲರ ಕಟ್ಟಿ ಮ್ಯಾಲ ಹೇಳೀನಿ. ಹೊಟ್ಟ್ಯಾಗ ಇಟ್ಕೊಳ್ಳಾಕ ಆಗ್ಲಿಲ್ಲ. ಈ ತಂತಿ ಅಲ್ಲಿ, ಆ ತಂತಿ ಇಲ್ಲಿ, ಅಷ್ಟಕ್ಕೇ ಸುಟ್ಟು ಹೋತು ನೋಡ್ರಿ ಅಂತ. ಎಲ್ಲಾರೂ ನಕ್ಕೊಂತ ಕೇಳಿದ್ರು.”

ಗೋಪಮ್ಮ ಸೈಕಲ್ ಹಿಡಿದು ನಿಂತಳು. ಮಾನ್ವಿಯದು ತಪ್ಪು. ದೇವದುರ್ಗದ್ದು ಆ ತಪ್ಪಿನಿಂದ ಪಾಠ ಕಲಿತವರ ಕೆಲಸ. ಕಟ್ಟೆಯ ಮೇಲೆ ನಕ್ಕವರಲ್ಲಿ ಒಬ್ಬ ನಗದೇ ಕೇಳಿದ್ದಾನೆ.

ಆ ಕಟ್ಟೆ ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅಪ್ಪನ ಬುತ್ತಿ ತೆಗೆದುಕೊಂಡು ಹೋಗಿ ಅಲ್ಲೇ ಕೂರುತ್ತಿದ್ದಳು. ಕಟ್ಟೆಯ ಮೇಲೆ ಎಷ್ಟೋ ಜನ ಕೂರುತ್ತಾರೆ, ಎಂದು ತನಗೆ ತಾನೇ ಹೇಳಿಕೊಂಡು ಪೆಡಲ್ ತುಳಿದಳು.

ಸಂಜೆಯ ಬಿಸಿಲು ಲ್ಯಾಬಿನ ಮೇಜುಗಳ ಮೇಲೆ ಓರೆಯಾಗಿ ಬಿದ್ದಿತ್ತು. ಅಯ್ಯಣ್ಣ ಊಟ ಮಾಡಿ ಬಂದು, ಬೆಸುಗೆ ಕಡ್ಡಿ ಕಾಯಿಸಿಟ್ಟು, ತನ್ನದೊಂದು ಉಪಾಯ ಮುಂದಿಟ್ಟ. ಯಂತ್ರದ ಬದಿಯಲ್ಲಿ ಒಂದು ದಪ್ಪ, ಒಂದು ಸಣ್ಣ ಕಡ್ಡಿಯಿರುವ ಸಾಕೆಟ್ ಹಾಕಿದರೆ ತಂತಿ ಒಂದೇ ರೀತಿ ಕೂರುತ್ತದೆ, ಕುರುಡನೂ ತಪ್ಪು ಮಾಡಲಾರ.

ಗೋಪಮ್ಮ ಒಪ್ಪಿದಳು, ಆದರೆ ಗೋಡೆಗೆ ಚುಚ್ಚುವ ಮನೆಯ ಪ್ಲಗ್ ಮಾತ್ರ ಬೇಡ ಎಂದಳು. ಯಾರಾದರೂ ಒಯ್ದು ಮನೆ ಕರೆಂಟಿಗೇ ಚುಚ್ಚಿದರೆ ಹಮಾಲನ ಜೊತೆ ಹಮಾಲನನ್ನು ಮಾಡಿದವರೂ ಸುಡುತ್ತಾರೆ. ಹಿತ್ತಾಳೆಯ ಎರಡು ಬೇರೆ ಬೇರೆ ಅಳತೆಯ ಕಡ್ಡಿ ಹುಡುಕಿ ತಾವೇ ಮಾಡಿಕೊಂಡರು.

“ಇದು ಮಷೀನಿನ ಕಡಿ ಬಾಗ್ಲ. ಇಲ್ಲಿ ಇನ್ನ ಯಾರೂ ತಪ್ಪಂಗಿಲ್ಲ,” ಎಂದಳು. “ಬ್ಯಾಟ್ರಿ ಕಡಿ ಕ್ಲ್ಯಾಂಪು ಇನ್ನೂ ಯಾರ ಕೈಯಾಗರ ಅದಾವ. ಅಲ್ಲಿ ಒಬ್ಬ ಬಾಗ್ಲ ಕಾಯೋನು ಬೇಕು.”

ಬಾಗಿಲು ಕಾಯುವವನನ್ನು ಅವಳು ಬರುವಾಗ ಖಾಸಿಂ ಸಾಬರ ವೈರಿಂಗ್ ಅಂಗಡಿಯ ಗುಜರಿಯಿಂದ ಆರಿಸಿ ತಂದಿದ್ದಳು. ಹಳೆಯ ಲಾರಿಯ ಹಾರ್ನಿನ ರಿಲೇ. ಒಳಗೊಂದು ಸುರುಳಿ, ಒಂದು ಲೋಹದ ನಾಲಿಗೆ. ಸುರುಳಿಗೆ ಕರೆಂಟು ಬಂದರೆ ನಾಲಿಗೆ ಟಕ್ ಎಂದು ಅಂಟಿ ದಾರಿ ತೆರೆಯುತ್ತದೆ, ಬರದಿದ್ದರೆ ದಾರಿಯಿಲ್ಲ. ಆ ಸುರುಳಿಯ ಮುಂದೆ ಒಂದು ಡಯೋಡ್ ಹಾಕಿದಳು. ಡಯೋಡ್ ಎಂದರೆ ಒಂದೇ ಕಡೆಗೆ ತೆರೆಯುವ ಕದ. ತಂತಿ ಸರಿಯಿದ್ದರೆ ಕದ ತೆರೆದು, ಸುರುಳಿ ಎಳೆದು, ಹಮಾಲನಿಗೆ ಕರೆಂಟು. ಉಲ್ಟಾ ಇದ್ದರೆ ಕದ ಮುಚ್ಚಿಯೇ ಇರುತ್ತದೆ, ಬೋರ್ಡಿಗೆ ಒಂದು ಹನಿಯೂ ಹೋಗುವುದಿಲ್ಲ. ಇನ್ನೊಂದು ಡಯೋಡನ್ನು ತಿರುವಿ ಹಾಕಿ, ಅದಕ್ಕೊಂದು ಕೆಂಪು ದೀಪ ಸೇರಿಸಿದಳು. ಉಲ್ಟಾ ಇದ್ದಾಗ ಮಾತ್ರ ಅದು ಹತ್ತಿಕೊಳ್ಳಬೇಕು.

ಬೋರ್ಡಿನ ಬದಲು ಬಲ್ಬು ಹಾಕಿ ಪರೀಕ್ಷಿಸಿದರು. ಸರಿಯಾಗಿ ಜೋಡಿಸಿದರೆ ಟಕ್, ಬಲ್ಬು ಉರಿಯಿತು. ತಿರುವಿದರೆ ಸದ್ದಿಲ್ಲ, ಕೆಂಪು ದೀಪ. ಅಯ್ಯಣ್ಣನ ಮುಖ ಬೆಳಗಿತು. ಮತ್ತೆ ಸರಿ, ಮತ್ತೆ ಉಲ್ಟಾ, ಮತ್ತೆ ಸರಿ. ಇನ್ನೊಮ್ಮೆ ಉಲ್ಟಾ ಮಾಡಿದಾಗ ಕೆಂಪು ದೀಪದ ಜೊತೆ ಬಲ್ಬೂ ಉರಿಯಿತು.

ರಿಲೇಯ ನಾಲಿಗೆ ಅಂಟಿಕೊಂಡಿತ್ತು. ಬಲ್ಬಿನ ಜಾಗದಲ್ಲಿ ಬೋರ್ಡು ಇದ್ದಿದ್ದರೆ ಈ ಹೊತ್ತಿಗೆ ಹೊಗೆ.

ಗೋಪಮ್ಮ ರಿಲೇಯ ಮುಚ್ಚಳ ಬಿಚ್ಚಿದಳು. ನಾಲಿಗೆಯ ತುದಿಯಲ್ಲಿ ವರ್ಷಗಟ್ಟಲೆ ಹಾರ್ನ್ ಹೊಡೆದ ಕಲೆ, ಗುಳಿ. ಸಾಣೆ ಕಾಗದದಿಂದ ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿದಳು. ಆಮೇಲೆ ಮತ್ತೆ ಅಂಟಲಿಲ್ಲ. ಅಂಟುವುದೇ ಇಲ್ಲ ಎಂದು ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ. ಬೇರೆ ರಿಲೇ ಹುಡುಕಲು ಅಂಗಡಿ ಮುಚ್ಚಿತ್ತು.

ನಾಳೆ ತಾನು ಯಂತ್ರದ ಪಕ್ಕದಿಂದ ಅಲ್ಲಾಡುವುದಿಲ್ಲ, ಯಾರನ್ನೂ ಮುಟ್ಟಲು ಬಿಡುವುದಿಲ್ಲ ಎಂದ ಅಯ್ಯಣ್ಣ.

“ನೀ ಅದರ ಹತ್ತಿರ ಸುಳೀಬಾರ್ದು,” ಎಂದಳು ಗೋಪಮ್ಮ. “ನೀ ಪ್ರಿನ್ಸಿಪಾಲರ ಬಾಜೂಕ ಕೂಡ್ಬೇಕು, ಎಲ್ಲಾರೂ ನಿನ್ನ ನೋಡೂ ಹಂಗ. ನಾವು ಕಾವಲು ನಿಂತ್ರ ಆ ಕೈ ಬರಂಗಿಲ್ಲ. ಅದು ಬರ್ಲಿಲ್ಲಂದ್ರ ನೀ ಕಳ್ಳನಾಗೇ ಉಳೀತಿ.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವಳು ಕೊನೆಯ ಬೋರ್ಡನ್ನೇ ಬೋನಿನಲ್ಲಿ ಎರೆಯ ಹಾಗೆ ಇಡುತ್ತಿದ್ದಳು.

ಪ್ರದರ್ಶನದ ಸಭಾಂಗಣ ಬೆಳಿಗ್ಗೆಯೇ ತುಂಬಿತು. ಚಂದ್ರಬಂಡದ ಹೈಸ್ಕೂಲಿನ ಮಕ್ಕಳು ಗಾಳಿಯಂತ್ರ ತಂದಿದ್ದರು, ಕಲ್ಮಲದವರು ಗೋಬರ್ ಗ್ಯಾಸಿನ ಮಾದರಿ. ನಡುವೆ, ಗೋಣಿತಟ್ಟಿನ ಪರದೆಯ ಪಕ್ಕದಲ್ಲಿ ಹಮಾಲ, ಪರದೆಯ ಕಡೆಗೆ ಅದರ ಬ್ಯಾಟರಿ. ಅದನ್ನು ಟ್ರೇಲರಿನಿಂದ ಇಳಿಸಿ ಹೊತ್ತು ತಂದವರು ನಿಜವಾದ ಹಮಾಲರು. ತಮ್ಮ ಗಿರಣಿಯವರೂ ನೋಡಲಿ ಎಂದು ಹಂಪಣ್ಣ ಒಂದು ಗುಂಪನ್ನೇ ಮಾನ್ವಿಯಿಂದ ಕರೆತಂದಿದ್ದರು.

ಗುಂಪಿನಲ್ಲಿ ಗದ್ದೆಪ್ಪನೂ ಇದ್ದ. ಒಗೆದ ಧೋತರ, ಹೆಗಲಿಗೆ ಬಿಳಿ ಟವಲ್. ಮಗಳ ಕೈಗೆ ರೊಟ್ಟಿ ಮತ್ತು ಸೇಂಗಾ ಹಿಂಡಿಯ ಗಂಟು ಕೊಟ್ಟು, ನಿನ್ನವ್ವ ಕಳಿಸ್ಯಾಳ ಎಂದ. ಆಮೇಲೆ ಯಂತ್ರದ ಸುತ್ತ ಒಂದು ಸುತ್ತು ಬಂದು ಕೊಕ್ಕೆಯನ್ನು ಬೆರಳಿನಿಂದ ಮುಟ್ಟಿದ.

“ಇದಕ್ಕ ಬೆನ್ನು ನೋಯಂಗಿಲ್ಲೇನವ್ವಾ?”

“ಇಲ್ಲಪ್ಪ. ಬೆನ್ನೇ ಇಲ್ಲಲ್ಲ.”

ಹಂಪಣ್ಣ ಅದನ್ನು ಕೇಳಿಸಿಕೊಂಡು ನಗುತ್ತ ಬಂದರು. “ನೋಡ್ರಲೇ, ನಿಮಗ ತಮ್ಮ ಹುಟ್ಯಾನ. ಚಾ ಕೇಳಂಗಿಲ್ಲ, ಬೀಡಿ ಕೇಳಂಗಿಲ್ಲ. ಇಂಥವು ನಾಕು ಬಂದ್ವಂದ್ರ ನಿಮ್ಮನ್ನ ಯಾವನು ಕರೀತಾನ?”

ಹಮಾಲರು ಗೊಳ್ಳೆಂದು ನಕ್ಕರು. ಒಬ್ಬ, ಇದಕ್ಕೆ ಹೆಣ್ಣು ಕೊಡುವವರು ಯಾರ್ರಿ ಸಾವ್ಕಾರ್ರೆ ಎಂದ, ಮತ್ತೂ ನಕ್ಕರು. ಗೋಪಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಅಪ್ಪನದೊಂದನ್ನು ಬಿಟ್ಟು.

ಉದ್ಘಾಟನೆಗೆ ಮೊದಲು ಪ್ರಿನ್ಸಿಪಾಲರನ್ನು ಕರೆದು ಕ್ಲ್ಯಾಂಪುಗಳನ್ನು ತೋರಿಸಿದಳು. ಕೆಂಪು ದಾರದ್ದು ಪ್ಲಸ್ಸಿಗೆ, ಬರಿಯದು ಮೈನಸ್ಸಿಗೆ. ಅವರು ಬಗ್ಗಿ ನೋಡಿ ಹೌದೆಂದರು. ಎರಡೂ ಕ್ಲ್ಯಾಂಪುಗಳ ಬಾಯಿ ಅಗಲಿಸಿ ನಟ್ಟುಗಳನ್ನು ಸಡಿಲ ಬಿಟ್ಟಿದ್ದಾಳೆಂಬುದನ್ನು, ಈ ಸಲ ಕಲ್ಲು ಬೇಕಾಗುವುದಿಲ್ಲವೆಂಬುದನ್ನು ಅವಳು ಹೇಳಲಿಲ್ಲ. ಅಯ್ಯಣ್ಣ ಅವರ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತ.

ಅವಳನ್ನು ವೇದಿಕೆಗೆ ಕರೆದು ಹೂವಿನ ತಟ್ಟೆ ಹಿಡಿಸಿದರು. ಲ್ಯಾಬು ನಡೆಸುವವಳಾದರೇನು, ಹಾರದ ತಟ್ಟೆ ಹಿಡಿಯಲು ಹೆಣ್ಣುಮಗಳೇ ಬೇಕು. ದೀಪ ಹಚ್ಚುವಾಗ ಸಭೆಯೆಲ್ಲ ಎದ್ದು ನಿಂತಿತು. ತಲೆಗಳ ಗೋಡೆಯ ಆಚೆ ತಟ್ಟಿನ ಪರದೆ ಒಮ್ಮೆ ಅಲ್ಲಾಡಿತು. ಗಾಳಿಯಿರಬಹುದು.

ತೀರ್ಪುಗಾರರು ಒಂದೊಂದೇ ಮಾದರಿ ನೋಡುತ್ತ ಹಮಾಲನ ಹತ್ತಿರ ಬಂದರು. ಜನ ಸುತ್ತುಗಟ್ಟಿದರು. ದೊಡ್ಡಪ್ಪ ನಾಯಕನ ಗತ್ತಿನಲ್ಲಿ ಯಂತ್ರದ ಗುಣಗಾನ ಮಾಡಿ, ಗುಂಡಿಗಳ ಪೆಟ್ಟಿಗೆಯನ್ನು ಗೋಪಮ್ಮನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಸುಟ್ಟರೆ ತನ್ನ ಕೈಯಲ್ಲಿ ಸುಡುವುದು ಬೇಡ.

ಅವಳು ಬ್ಯಾಟರಿಯ ಕಡೆ ನೋಡಲಿಲ್ಲ. ಜನರ ಕಡೆ ನೋಡುತ್ತ ಸ್ವಿಚ್ಚಿಗೆ ಬೆರಳಿಟ್ಟಳು.

ಎಲ್ಲರೂ ಮುಂದಕ್ಕೆ ಬಾಗಿದರು. ಹಂಪಣ್ಣನವರ ಅಗಲ ಹೆಗಲಿನ ಹಿಂದೆ ಒಂದು ಕೈ ಮಾತ್ರ ಮೇಲೆದ್ದು, ಬಿಳಿ ಟವಲಿನ ಚುಂಗನ್ನು ಮೂಗಿನ ಮೇಲೆ ಎಳೆದುಕೊಂಡಿತು.

ಮುಖ ಕಾಣಲಿಲ್ಲ. ಹೊಗೆ ಇನ್ನೂ ಬಂದಿಲ್ಲ, ಬರುತ್ತದೆಂದು ಗೊತ್ತಿದ್ದವನೊಬ್ಬ ಆಗಲೇ ಮೂಗು ಮುಚ್ಚಿಕೊಂಡಿದ್ದ.

ಅವಳು ಸ್ವಿಚ್ ಒತ್ತಿದಳು.

ಟಕ್ ಎನ್ನಲಿಲ್ಲ. ಕೆಂಪು ದೀಪ ಹೊತ್ತಿಕೊಂಡಿತು.

ಸಾಣೆ ಹಿಡಿದ ಆ ಲೋಹದ ನಾಲಿಗೆ ಅವಳ ನೆನಪಿಗೆ ಬಂತು. ಹೊಗೆಯಿಲ್ಲ. ಮತ್ತೊಂದು ಗಳಿಗೆ. ಹೊಗೆಯಿಲ್ಲ. ಸುಟ್ಟ ಕೊಂಬಿನ ವಾಸನೆಯಿಲ್ಲ. ಸಭಾಂಗಣದಲ್ಲಿ ಊದಿನಕಡ್ಡಿಯ ಪರಿಮಳ ಮಾತ್ರ.

“ಹೋತು ಮತ್ತ,” ಎಂದರು ಹಂಪಣ್ಣ.

“ಇಲ್ರಿ ಸಾವ್ಕಾರ್ರೆ,” ಎಂದಳು ಗೋಪಮ್ಮ. ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. “ಬ್ಯಾಟ್ರಿ ತಂತಿ ಯಾರೋ ಈಗ ತಿರುವಿ ಹಾಕ್ಯಾರ. ದೀಪ ಅದನ್ನೇ ಹೇಳಾಕತ್ತೇದ. ಬೋರ್ಡು ಜೀವಂತ ಅದ. ಪ್ರಿನ್ಸಿಪಾಲ್ ಸರ್, ಅಯ್ಯಣ್ಣ ಎಲ್ಲಿದ್ದ?”

ಪ್ರಿನ್ಸಿಪಾಲರು ಎದ್ದು ಬಂದು ಬ್ಯಾಟರಿಯ ಮೇಲೆ ಬಗ್ಗಿದರು. ಕೆಂಪು ದಾರ ಮೈನಸ್ಸಿನ ಗೂಟದ ಮೇಲಿತ್ತು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಹುಡುಗ ಬೆಳಗಿನಿಂದ ತಮ್ಮ ಮಗ್ಗುಲು ಬಿಟ್ಟು ಎದ್ದಿಲ್ಲ, ನೀರು ಕುಡಿಯಲೂ ಹೋಗಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹಿಂದಿನ ಸಾಲಿನಲ್ಲಿ ಅಯ್ಯಣ್ಣನವ್ವ ಸೆರಗು ಬಾಯಿಗೊತ್ತಿಕೊಂಡಳು.

ಗೋಪಮ್ಮ ತಾನೇ ಬಗ್ಗಿ ಕ್ಲ್ಯಾಂಪು ಬದಲಿಸಿದಳು. ಕೆಂಪು ದೀಪ ಆರಿತು.

ಟಕ್.

ಹಮಾಲ ಗುರ್ರೆಂದಿತು. ಗಾಲಿ ತಿರುಗಿದವು, ಮಕ್ಕಳು ದಾರಿ ಬಿಟ್ಟು ಕಿರುಚುತ್ತ ಹಿಂದೆ ಸರಿದರು. ತೋಳು ಬಗ್ಗಿತು, ಕೊಕ್ಕೆ ಮೂಟೆಯ ಹಗ್ಗಕ್ಕೆ ಸಿಕ್ಕಿತು, ಹಗ್ಗ ಬಿಗಿಯಿತು. ಮೂಟೆ ನೆಲ ಬಿಟ್ಟಿತು. ಇಡೀ ಸಭಾಂಗಣ ಒಟ್ಟಿಗೆ ಉಸಿರೆಳೆದುಕೊಂಡಿತು. ಅಯ್ಯಣ್ಣ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ, ಪ್ರಿನ್ಸಿಪಾಲರು ಅವನನ್ನು ಇಳಿಯೆನ್ನಲಿಲ್ಲ. ಗೋಪಮ್ಮನ ಮೈಯೆಲ್ಲ ಹಗುರಾಯಿತು. ಮೂಟೆಯ ಜೊತೆ ತಾನೂ ಏಳುತ್ತಿದ್ದೇನೆ ಅನ್ನಿಸಿತು.

ಮೂಟೆಯನ್ನು ಹತ್ತಿರದಿಂದ ನೋಡಲು ಹಂಪಣ್ಣ ಪಕ್ಕಕ್ಕೆ ಸರಿದರು. ಅವರ ಹೆಗಲಿನ ಹಿಂದಿನ ಮುಖ ಬೆಳಕಿಗೆ ಬಂತು.

ಎಲ್ಲರ ಕಣ್ಣು ಮೂಟೆಯ ಮೇಲಿತ್ತು. ಟವಲ್ ಮುಚ್ಚಿದ ಮೂಗಿನ ಮೇಲಿನ ಎರಡು ಕಣ್ಣು ಮಾತ್ರ ಅವಳನ್ನು ನೋಡುತ್ತಿದ್ದವು. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅವಳಿಗಾಗಿ ಕಾದ ಕಣ್ಣು.

ಗದ್ದೆಪ್ಪ ಟವಲ್ ಇಳಿಸಲಿಲ್ಲ. ಇಳಿಸುವುದನ್ನೇ ಮರೆತಿದ್ದ. ಇಂಥವು ನಾಕು ಬಂದರೆ ಕೆಲಸ ಹೋಗುವುದು ಅವನದೇ.

“ಅಯ್ಯಣ್ಣ ಅಲ್ಲಂದ್ರ ಮತ್ಯಾರು?” ಹಂಪಣ್ಣ ಅವಳ ಕಡೆ ತಿರುಗಿ ಕೇಳಿದರು. “ಇಷ್ಟೆಲ್ಲಾ ಹುಡುಕೀರಿ. ಕೈ ಯಾರದಂತ ನೀವೇ ಹೇಳ್ರಿ ಮೇಡಂ.”

ಪ್ರಿನ್ಸಿಪಾಲರು, ತೀರ್ಪುಗಾರರು, ದೊಡ್ಡಪ್ಪ, ಬಾಗಿಲ ಬಳಿ ನಿಂತ ಹನುಮಂತ್ರಾಯ, ಎಲ್ಲರೂ ಅವಳ ಬಾಯಿ ನೋಡಿದರು. ಮೂಟೆ ಇನ್ನೂ ಗಾಳಿಯಲ್ಲಿ ತೂಗುತ್ತಿತ್ತು. ಅವಳ ಹೆಬ್ಬೆರಳು ಗುಂಡಿಯ ಮೇಲಿತ್ತು.

ಅವಳು ಅಪ್ಪನ ಮುಖದಿಂದ ಕಣ್ಣು ಕಿತ್ತು, ಗುಂಡಿಯನ್ನು ನಿಧಾನವಾಗಿ ಒತ್ತಿದಳು. ಮೂಟೆ ಇಳಿದು ಹಲಗೆಯ ಮೇಲೆ ಕೂತಿತು.